ನಾಲ್ಕನೆಯ ಆಸನ

ನದಿಗೆ ಹೋಗುವ ದಾರಿಯಲ್ಲಿ ಮೂರು ಜನ ಎದುರಾದರು. ಮೂವರೂ ಸುಶ್ರವನನ್ನು ಕೇಳಿದ್ದು ಒಂದೇ ಮಾತು: “ನಿದ್ದೆ ಚೆನ್ನಾಗಿ ಆಯ್ತಾ?” ಮೊದಲನೆಯವನು ಕುಂಬಾರ, ಹಲ್ಲು ಕಿರಿಯುತ್ತ ಕೇಳಿದ. ಎರಡನೆಯವಳು ದನ ಹೊಡೆದುಕೊಂಡು ಬರುತ್ತಿದ್ದ ಮುದುಕಿ; ಅವಳಿಗೆ ತಮಾಷೆಯಿರಲಿಲ್ಲ, ಹೋದವನು ಪೂರ್ತಿ ವಾಪಸು ಬಂದಿದ್ದಾನೋ ಅರ್ಧ ಅಲ್ಲೇ ಉಳಿದಿದ್ದಾನೋ ಎಂದು ಅವನ ಕಣ್ಣೊಳಗೆ ಬಗ್ಗಿ ನೋಡಿ ಕೇಳಿದಳು. ಮೂರನೆಯವನು ಚಿಕ್ಕಪ್ಪನ ಮಗ ಧೂಮ್ರ. ಆಗಲೇ ಮಿಂದು, ಒದ್ದೆ ಕೂದಲು ಹಿಂಡಿಕೊಳ್ಳುತ್ತ ಬರುತ್ತಿದ್ದವನು “ನಿದ್ದೆ ಆಯ್ತಾ ಅಣ್ಣ?” ಎಂದು ತೀರ ಮರ್ಯಾದೆಯಿಂದ ಕೇಳಿ, ಉತ್ತರಕ್ಕೆ ಕಾಯದೆ, ಗಂಟಲು ಸರಿಮಾಡಿಕೊಂಡು ಮುಂದೆ ಹೋದ. ಮೊದಲಿನ ಇಬ್ಬರ ಮಾತನ್ನು ಸುಶ್ರವ ಹೇಗೋ ನುಂಗಿಕೊಂಡಿದ್ದ; ಈ ಗಂಟಲು ಸರಿಮಾಡಿಕೊಂಡದ್ದು ಮಾತ್ರ ಚುಚ್ಚಿತು. ಇವತ್ತು ಯಜ್ಞದಲ್ಲಿ ಮಂತ್ರ ಹೇಳುವ ಆಸನ ತನಗೇ ಬರುತ್ತದೆ ಎಂದು ಧೂಮ್ರ ಗಂಟಲಿಗೆ ಎಣ್ಣೆ ಹಾಕಿಕೊಂಡೇ ಎದ್ದಿರಬೇಕು. ಬರಬಾರದು ಎನ್ನುವುದಕ್ಕೆ, ಆ ಆಸನದಲ್ಲಿದ್ದ ಸುಶ್ರವ ನಿನ್ನೆ ಮಾಡಿಕೊಂಡ ಕೆಲಸವಾದರೂ ಎಂಥದ್ದು!

ಸದಾನೀರೆಯ ನೀರು ಎಂದಿನಂತೆ ಮೂಳೆಗೆ ಮುಟ್ಟುವಷ್ಟು ತಣ್ಣಗಿತ್ತು. ಸೊಂಟದವರೆಗೆ ಇಳಿದು ಮೂಗು ಹಿಡಿದು ಮುಳುಗಿದ. ನೀರೊಳಗೆ ಕಣ್ಣು ಮುಚ್ಚಿದ್ದೇ ತಡ, ನಿನ್ನೆಯ ಅಗ್ನಿಶಾಲೆ ಎದ್ದು ಬಂತು. ಒರಳಲ್ಲಿ ಹೊಸ ಜವೆಗೋಧಿ ಕುಟ್ಟುತ್ತಿದ್ದ ಸದ್ದು, ದಡ್ ದಡ್ ಎಂದು ಒಂದೇ ಸಮ. ವಸಂತದ ಬಿಸಿಲು ಹುಲ್ಲುಚಾವಣಿಯ ಸಂದಿಯಿಂದ ಇಳಿದು ಮೊಣಕಾಲ ಮೇಲೆ ಬೆಕ್ಕಿನ ಮರಿಯ ಹಾಗೆ ಕೂತಿತ್ತು. ಹಿಂದಿನ ದಿನದಿಂದ ಉಪವಾಸ. ಕುಟ್ಟಿ, ಕೇರಿ, ಬೀಸಿ, ರೊಟ್ಟಿ ಸುಡುವವರೆಗೆ ಮಂತ್ರ ಹೇಳುವವನಿಗೆ ಏನೂ ಕೆಲಸವಿಲ್ಲ. ಕಂಬಕ್ಕೆ ಒರಗಿದ್ದು ನೆನಪಿದೆ. ಒರಗಬಾರದು ಎಂದು ಅಂದುಕೊಂಡದ್ದೂ ನೆನಪಿದೆ. ಮುಂದೆ ಯಾವುದೋ ಮರದ ತುಂಬ ಜವೆಯ ರೊಟ್ಟಿಗಳು ಎಲೆಗಳ ಹಾಗೆ ತೂಗಾಡುತ್ತಿದ್ದವು, ತಾನು ಕೈಚಾಚಿದಷ್ಟೂ ಮರ ಎತ್ತರವಾಗುತ್ತಿತ್ತು. ಅದೂ ಹೋಗಿ, ಮರವೂ ಇಲ್ಲ ರೊಟ್ಟಿಯೂ ಇಲ್ಲ ಚಾಚಿದ ಕೈಯೂ ಇಲ್ಲ. ಅಷ್ಟು ಹೊತ್ತು ಏನಿತ್ತು ಎಂದು ಈಗ ಎಷ್ಟು ತಡಕಿದರೂ ಕೈಗೆ ಸಿಗುತ್ತಿರಲಿಲ್ಲ, ಸುಖವಾಗಿತ್ತು ಎನ್ನುವುದೊಂದು ಬಿಟ್ಟರೆ. ಉಸಿರು ಕಟ್ಟಿ ನೀರಿನಿಂದ ಮೇಲೆದ್ದ.

ಮಲಗಿದವನನ್ನು ತಟ್ಟನೆ ಎಬ್ಬಿಸುವ ಪದ್ಧತಿ ಆ ಕಡೆ ಇಲ್ಲ. ನಿದ್ದೆಯಲ್ಲಿ ಒಳಗಿನವನು ಹೊರಗೆ ಸುತ್ತಾಡಲು ಹೋಗಿರುತ್ತಾನೆ. ಗಾಬರಿಯಲ್ಲಿ ಓಡಿಬಂದು ಕಣ್ಣಿನ ಬಾಗಿಲು ಬಿಟ್ಟು ಕಿವಿಯ ಬಾಗಿಲಲ್ಲಿ ನುಗ್ಗಿಬಿಟ್ಟರೆ ಯಾವ ವೈದ್ಯನಿಂದಲೂ ಸರಿಮಾಡಲಾಗುವುದಿಲ್ಲ. ಕೆಳಗಿನ ಕೇರಿಯ ಬಡಗಿಯನ್ನು ಯಾರೋ ನೀರೆರಚಿ ಎಬ್ಬಿಸಿ, ಅವನಿಗೆ ಅಂದಿನಿಂದ ಮೆಳ್ಳೆಗಣ್ಣಾದದ್ದನ್ನು ಊರೇ ನೋಡಿದೆ. ಇನ್ನು ಒಮ್ಮೆ ಯಜಮಾನನು ಆರಿಸಿ, ವರಿಸಿ ಕೂರಿಸಿದ ಹೋತೃವನ್ನು, ಎಂದರೆ ಮಂತ್ರ ಹೇಳುವವನನ್ನು, ಕರ್ಮ ಮುಗಿಯುವ ತನಕ ಬದಲಿಸುವ ಹಾಗೂ ಇಲ್ಲ. ಹೀಗಾಗಿ ನಿನ್ನೆ ಹೊಸ ಫಸಲಿನ ಆಹುತಿಗೆ ನೆರೆದಿದ್ದ ಅಷ್ಟೂ ಜನ, ಯಜ್ಞ ಮಾಡಿಸುವ ಯಜಮಾನ, ಊರ ಮುಖಂಡ ಗ್ರಾಮಣಿ ಸ್ಥೂರನಿಂದ ಹಿಡಿದು ಬಾಗಿಲಲ್ಲಿ ನಿಂತ ಹೆಂಗಸರವರೆಗೆ, ಒಬ್ಬ ಗೊರಕೆ ಹೊಡೆಯುವ ಬ್ರಾಹ್ಮಣನ ಸುತ್ತ ನಿಂತು ಪಿಸಪಿಸ ಮಾತಾಡುತ್ತ ಕಾದರು. ಸೂರ್ಯ ನೆತ್ತಿ ದಾಟಿದ. ಪೂರ್ವಾಹ್ಣ ಮುಗಿಯಿತು, ಆಹುತಿ ತಪ್ಪಿತು. ದೇವರಿಗೆ ಕೊಡದೆ ಹೊಸ ಧಾನ್ಯವನ್ನು ಯಾರೂ ಬಾಯಿಗಿಡುವಂತಿಲ್ಲವಾದ್ದರಿಂದ ಊರಿಗೆ ಊರೇ ನುಸಿ ಹಿಡಿದ ಹಳೆಯ ಜವೆಯ ಗಂಜಿಯನ್ನು ಮತ್ತೊಂದು ದಿನ ಕುಡಿದು, ಹೊಸ ರೊಟ್ಟಿಯ ವಾಸನೆ ಮೂಗಲ್ಲೇ ಇಟ್ಟುಕೊಂಡು ಮಲಗಿತು.

ಇಷ್ಟೇ ಆಗಿದ್ದರೆ ಸುಶ್ರವ ತಡೆದುಕೊಳ್ಳುತ್ತಿದ್ದ. ನಿದ್ದೆ ಯಾರಿಗೆ ಬರುವುದಿಲ್ಲ? ಆದರೆ ಅವನಿಗೆ ಎಚ್ಚರವಾಗಿತ್ತು. ಹೊತ್ತು ಇನ್ನೂ ಇತ್ತು. ಹುಲ್ಲಿನ ಸಂದಿಯ ಬಿಸಿಲು ಮೊಣಕಾಲಿನಿಂದ ಮೀನಖಂಡಕ್ಕೆ ಅಷ್ಟೇ ಸರಿದಿತ್ತು. ಕಣ್ಣು ತೆರೆಯಬೇಕು ಎನ್ನುವಷ್ಟರಲ್ಲಿ ಕಿವಿಯ ಪಕ್ಕದಲ್ಲೇ ಧೂಮ್ರನ ದನಿ: “ಇವನ ಜಾಗ ಖಾಲಿ ಆಯ್ತು ಅಂತಲೇ ಇಟ್ಕೊಳ್ಳಿ.” ಯಾರೋ ನಕ್ಕರು. ಇನ್ಯಾರೋ, “ಜೊಲ್ಲು ನೋಡ್ರೋ, ಜೊಲ್ಲು,” ಎಂದರು. ಗಲ್ಲದ ಮೇಲಿನ ಜೊಲ್ಲು ಆಗ ಅವನಿಗೂ ತಣ್ಣಗೆ ತಾಗಿತು. ಈ ಜೊಲ್ಲಿನ ಮುಖ ಹೊತ್ತು ಹೇಗೆ ಕಣ್ಣು ತೆರೆಯುವುದು, ಇವರು ಸ್ವಲ್ಪ ಆಚೆ ಹೋಗಲಿ ಎಂದು ಅವನು ಒಂದು ಕ್ಷಣ, ಒಂದೇ ಕ್ಷಣ, ತಡೆದ. ಅಷ್ಟರಲ್ಲಿ ಆಚಾರ್ಯ ಹರಿಕೇಶರು ಬಾಯಿಬಿಟ್ಟರು.

ಹರಿಕೇಶರು ಬಾಯಿಬಿಡುವುದೆಂದರೆ ಸಣ್ಣ ಸಂಗತಿಯಲ್ಲ. ಹೆಸರಲ್ಲಿರುವ ಹೊಂಬಣ್ಣದ ಕೂದಲು ತಲೆಯಿಂದ ಹೋಗಿ ಮೂವತ್ತು ವರ್ಷವಾದ ಆ ಮುದುಕರದು ಬ್ರಹ್ಮನ ಆಸನ. ಹೋತೃ ಹೇಳುತ್ತಾನೆ, ಅಧ್ವರ್ಯು ಆಹುತಿ ಹಾಕುತ್ತಾನೆ, ಆಗ್ನೀಧ್ರ ಬೆಂಕಿ ನೋಡಿಕೊಳ್ಳುತ್ತಾನೆ. ನಾಲ್ಕನೆಯವನಾದ ಬ್ರಹ್ಮ ಬೆಂಕಿಯ ದಕ್ಷಿಣಕ್ಕೆ ದರ್ಭೆಯ ಮೇಲೆ ಸುಮ್ಮನೆ ಕೂತು ಮೂವರನ್ನೂ ನೋಡುತ್ತಾನೆ. ಏನಾದರೂ ಎಡವಟ್ಟಾದರೆ ಮಾತ್ರ ಮಾತು. ಹರಿಕೇಶರು ನಲವತ್ತು ವರ್ಷದಲ್ಲಿ ಆ ಆಸನದಿಂದ ಮಾತಾಡಿದ್ದು ಮೂರು ಸಲ. ಅವರು ನೋಡುವುದೂ ಕಣ್ಣು ಮುಚ್ಚಿಕೊಂಡೇ ಆದ್ದರಿಂದ ಆಸನದಲ್ಲಿ ನಿದ್ದೆ ಮಾಡುತ್ತಾರೆಂದೇ ಊರಿನ ಅರ್ಧಕ್ಕರ್ಧ ಜನರ ನಂಬಿಕೆ. ನಿನ್ನೆ ನಾಲ್ಕನೆಯ ಸಲ ಮಾತಾಡಿದರು. “ಎಬ್ಬಿಸಬೇಡಿ. ಹನ್ನೆರಡು ವರ್ಷದಿಂದ ಇವನ ದನಿ ಕೇಳಿ ನನಗೆ ಬೆಳಗಾಗಿದೆ. ಒಂದು ದಿನ ಇವನು ಮಲಗಲಿ.” ಆ ಮಾತು ಬಿದ್ದ ಮೇಲೆ ಸುಶ್ರವನ ರೆಪ್ಪೆಗಳು ಅಂಟು ಹಾಕಿದ ಹಾಗೆ ಕೂತುಬಿಟ್ಟವು. ಈಗ ಕಣ್ಣು ತೆರೆದರೆ, ಆ ಕರುಣೆಯನ್ನು ಎಚ್ಚರವಿದ್ದೇ ಕದ್ದು ಕೇಳಿಸಿಕೊಂಡಂತೆ. ತೆರೆಯದಿದ್ದರೆ ಹೊತ್ತು ಮೀರುತ್ತದೆ. ಅವನು ತೆರೆಯಲಿಲ್ಲ. ಹೊತ್ತು ಮೀರಿತು. ಎಲ್ಲರೂ ಸೋತು ಮನೆಗೆ ಹೊರಟಾಗ, ಇಷ್ಟು ಕೆಟ್ಟದಾಗಿ ಯಾರೂ ಎಂದೂ ಆಕಳಿಸಿರಲಾರರು ಎನ್ನುವ ಹಾಗೆ ಆಕಳಿಸಿ ಎದ್ದು ಕೂತಿದ್ದ.

ಮನೆಗೆ ಬಂದಾಗ ಪೃಶ್ನಿ ಅಂಗಳದಲ್ಲಿ ಕೂತು ಮೊಸರು ಕಡೆಯುತ್ತಿದ್ದಳು. ಅವನು ಒದ್ದೆ ಬಟ್ಟೆಯನ್ನು ಬೇಲಿಯ ಮೇಲೆ ಹರವುವುದನ್ನೇ ನೋಡಿ, ಕಡೆಗೋಲು ನಿಲ್ಲಿಸದೆ ಕೇಳಿದಳು.

“ಆಚಾರ್ಯರು ಏನು ಕೇಳ್ತಾರಂತೆ ಇವತ್ತು?”

“ಗೊತ್ತಿದೆಯಲ್ಲ. ಕರ್ಮದ ನಡುವೆ ಮಲಗಿದವನು ಎಲ್ಲಿಗೆ ಹೋಗಿದ್ದೆ ಅಂತ ಸಭೆಯಲ್ಲಿ ಹೇಳಬೇಕು. ಸರಿಯಾಗಿ ಹೇಳಿದರೆ ನನ್ನ ಆಸನ ನನಗೆ. ಇಲ್ಲದಿದ್ದರೆ ಧೂಮ್ರನಿಗೆ.”

“ಏನು ಹೇಳ್ತೀರಿ?”

“ಯೋಚಿಸ್ತಿದ್ದೀನಿ.”

“ಹೇಳಿ, ಕೇಳೋಣ.”

ಸುಶ್ರವ ಬೆಳಗಿನ ಜಾವದಿಂದ ಕಟ್ಟಿಟ್ಟುಕೊಂಡದ್ದನ್ನು ಹೇಳಿದ. ನದಿಯ ಆಚೆ ದಡ, ಅಲ್ಲೊಂದು ತುಪ್ಪದ ಕೆರೆ, ಕೆರೆಯ ಏರಿಯ ಮೇಲೆ ನೆರಳಿಲ್ಲದ ಬೆಳ್ಳನೆಯ ಪುರುಷ. ಅವನು ಸುಶ್ರವನ ಕೈಗೊಂದು ಜವೆಯ ತೆನೆ ಕೊಟ್ಟು, ಇದರಲ್ಲಿ ಮೂರು ಲೋಕ ಇದೆ ಎಂದ. ಹೇಳುತ್ತ ಹೇಳುತ್ತ ಅವನ ದನಿ ತಾನಾಗಿಯೇ ಯಜ್ಞದ ದನಿಯಾಗಿ ಏರಿತು, ತನಗೇ ರೋಮಾಂಚನವಾಯಿತು. ಪೃಶ್ನಿ ಕಡೆಗೋಲು ನಿಲ್ಲಿಸಿ ನಗಲು ಶುರುಮಾಡಿದವಳು ನಿಲ್ಲಿಸಲೇ ಇಲ್ಲ.

“ಯಾಕೆ, ಚೆನ್ನಾಗಿಲ್ವಾ?”

“ಚೆನ್ನಾಗಿದೆ ಕಣ್ರೀ. ಗ್ರಾಮಣಿ ಅತ್ತೇ ಬಿಡ್ತಾನೆ. ಆದರೆ ನೆರಳಿಲ್ಲದ ಪುರುಷ ಬಂದಾಗ ನಿಮ್ಮ ಕಾಲಿನ ಹೆಬ್ಬೆರಳು ಯಾಕೆ ಕುಣೀತಿತ್ತು?”

ಅವನಿಗೆ ಅರ್ಥವಾಗಲಿಲ್ಲ. ಅಥವಾ ತಟ್ಟನೆ ಅರ್ಥವಾಗಿ, ಆಗದಿದ್ದರೆ ಚೆನ್ನಾಗಿತ್ತು ಎನಿಸಿತು.

“ಹನ್ನೆರಡು ವರ್ಷದಿಂದ ನಿಮ್ಮ ಪಕ್ಕ ಮಲಗ್ತಿದ್ದೀನಿ,” ಎಂದಳು ಪೃಶ್ನಿ, ಕಣ್ಣೊರೆಸಿಕೊಳ್ಳುತ್ತ. “ನಿದ್ದೆ ಬಂದಾಗ ನಿಮ್ಮ ಹೆಬ್ಬೆರಳು ಸತ್ತ ಹಲ್ಲಿ ಹಾಗೆ ಬಿದ್ದಿರುತ್ತೆ. ಎಚ್ಚರ ಇದ್ದರೆ ಒಳಗೊಳಗೇ ಮಂತ್ರ ಹೇಳ್ಕೊಂಡು ತಾಳ ಹಾಕ್ತಾ ಇರುತ್ತೆ. ನಿನ್ನೆ ಬಾಗಿಲಲ್ಲಿ ನಿಂತು ನೋಡಿದೆ. ಅಯ್ಯೋ, ನಾನು ಹೇಗೆ ನಗು ತಡ್ಕೊಂಡೆ ಅಂತ ನನಗೇ ಗೊತ್ತಿಲ್ಲ. ಊರೆಲ್ಲ ಹಸ್ಕೊಂಡು ನಿಂತಿದೆ, ಇವರ ಹೆಬ್ಬೆರಳು ತಕತಕ ಅಂತಿದೆ!”

“ಯಾರಿಗಾದರೂ ಹೇಳಿದೆಯಾ?”

“ನನಗೇನು ಹುಚ್ಚಾ? ಹೇಳಿದ್ರೆ ಆ ಧೂಮ್ರನ ಹೆಂಡತಿ ಎದುರಿಗೆ ದಿನಾ ತಲೆತಗ್ಗಿಸಿ ನೀರಿಗೆ ಹೋಗಬೇಕಾದೋಳು ನಾನು.” ಅವಳು ಬೆಣ್ಣೆ ತೆಗೆದು ಅವನ ಬಾಯಿಗೊಂದು ಉಂಡೆ ಇಟ್ಟಳು. “ಹೋಗಿ, ನಿಮ್ಮ ಬಿಳೀ ಪುರುಷನ್ನ ಕರ್ಕೊಂಡು ಹೋಗಿ. ಹೇಗಾದರೂ ಮಾಡಿ ಮಧ್ಯಾಹ್ನದೊಳಗೆ ರೊಟ್ಟಿ ತಿನ್ನೋ ಹಾಗೆ ಮಾಡಿ.”

ಅಗ್ನಿಶಾಲೆಗೆ ನಡೆಯುತ್ತ ಅವನು ಬಿಳಿ ಪುರುಷನನ್ನು ಮತ್ತೆ ಮತ್ತೆ ಅಭ್ಯಾಸ ಮಾಡಿದ. ಆದರೆ ಪುರುಷನ ಕಾಲಿಗೂ ಒಂದು ಹೆಬ್ಬೆರಳು ಬಂದು ಕೂತಿತ್ತು. ತೆನೆ ಕೊಡುವಾಗೆಲ್ಲ ಅದು ಕುಣಿಯುತ್ತಿತ್ತು. ಅಪ್ಪನೂ ಇದೇ ದಾರಿಯಲ್ಲಿ ನಡೆದು ಇದೇ ಆಸನಕ್ಕೆ ಹೋಗುತ್ತಿದ್ದ. ಏಳು ವರ್ಷದ ಸುಶ್ರವ ಹಿಂದೆ ನಡೆಯುತ್ತ ಅವನ ಹಿಮ್ಮಡಿಯ ಬಿರುಕುಗಳನ್ನು ಎಣಿಸುತ್ತಿದ್ದ. ಸಾಯುವ ಮೂರು ದಿನ ಮುಂಚೆ ಅಪ್ಪ ಹೇಳಿದ್ದು, ಗಂಟಲು ಕೆಟ್ಟರೂ ಪರವಾಗಿಲ್ಲ, ಸುಳ್ಳು ಹೇಳಿದ ಬಾಯಿಂದ ಮಂತ್ರ ಹೇಳಬೇಡ. ಆಗ ಅದು ಯಾವ ತಂದೆಯಾದರೂ ಹೇಳುವ ಮಾತಾಗಿತ್ತು. ಆ ಆಸನ ಇಲ್ಲದೆ ಹೋದರೆ ತಾನು ಯಾರು? ಪೃಶ್ನಿಯ ಗಂಡ. ಎರಡು ಹಸುಗಳ ಒಡೆಯ. ಹಗಲು ಮಲಗುವವನು.

ಎಲ್ಲರೂ ಆಗಲೇ ಸೇರಿದ್ದರು. ಗ್ರಾಮಣಿ ಸ್ಥೂರ ತನ್ನ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು, ಅದನ್ನು ಸಮಾಧಾನ ಮಾಡುತ್ತಿರುವವನಂತೆ ನಿಂತಿದ್ದ. ಧೂಮ್ರ ಹೊಸ ಬಟ್ಟೆ ಉಟ್ಟಿದ್ದ. ಬಾಗಿಲಲ್ಲಿ ಹೆಂಗಸರ ಗುಂಪು. ಹರಿಕೇಶರು ಬೆಂಕಿಯ ಪಕ್ಕ ಕಣ್ಣು ಮುಚ್ಚಿ ಕೂತಿದ್ದವರು, ಸುಶ್ರವ ನಮಸ್ಕಾರ ಮಾಡಿದ್ದು ಹೇಗೆ ತಿಳಿಯಿತೋ, ಕಣ್ಣು ತೆರೆದು ನಕ್ಕರು.

ಈ ಪ್ರಶ್ನೆ ಅವರಿಗೆ ಹೊಸದಲ್ಲ. ನಿದ್ದೆಯ ವಿಷಯದಲ್ಲಿ ಮುದುಕರಿಗೆ ಒಂದು ಹುಚ್ಚು. ದನಗಾಹಿ ಸಿಗಲಿ, ಕುಂಬಾರ ಸಿಗಲಿ, “ನಿನ್ನೆ ರಾತ್ರಿ ಎಲ್ಲಿದ್ದೆಯಪ್ಪಾ?” ಎಂದು ಕೇಳುವರು. ಹೊಸಬರು ಗಾಬರಿಬಿದ್ದು, ತಾವು ಯಾರ ಮನೆಗೂ ಹೋಗಿರಲಿಲ್ಲವೆಂದು ಆಣೆ ಮಾಡುವರು. ಕನಸಾದರೆ ಏನು ಕಂಡೆ, ಕನಸಿಲ್ಲದಿದ್ದರೆ ಕನಸಿಲ್ಲವೆಂದು ಯಾರು ಬಂದು ಹೇಳಿದರು, ಹೀಗೆ ಕೆದಕಿ ಕೆದಕಿ ಮೂರು ಗಂಟು ಕಟ್ಟಿಟ್ಟಿದ್ದರು: ಎಚ್ಚರ, ಕನಸು, ಗಾಢ ನಿದ್ದೆ. “ಈ ಮೂವರೂ ಒಬ್ಬರ ಮುಖ ಒಬ್ಬರು ನೋಡಿಲ್ಲ ಕಣ್ರೋ,” ಎನ್ನುತ್ತಿದ್ದರು. “ಒಬ್ಬ ಬಂದಾಗ ಇನ್ನೊಬ್ಬ ಇರೋದಿಲ್ಲ. ಹಾಗಾದರೆ ಮೂವರೂ ನಾನೇ ಅಂತ ಹೇಳ್ತೀವಲ್ಲ, ಹಾಗೆ ಹೇಳೋನು ಯಾರು?” ಯಾರಿಗೂ ಗೊತ್ತಿರಲಿಲ್ಲ. ಅವರಿಗೂ ಗೊತ್ತಿರಲಿಲ್ಲವೆಂದೇ ಸುಶ್ರವನ ಅನುಮಾನ.

“ಹೇಳಪ್ಪಾ ಸುಶ್ರವ. ನಿನ್ನೆ ಎಲ್ಲಿದ್ದೆ?”

ಬಾಯಿ ತೆರೆದ. ನದಿಯ ಆಚೆ ದಡ ನಾಲಿಗೆಯ ತುದಿಯಲ್ಲಿತ್ತು. ಹರಿಕೇಶರು ಅವನನ್ನೇ ನೋಡುತ್ತಿದ್ದರು, ಎಂಬತ್ತು ವರ್ಷದ ಮುದುಕರಲ್ಲ, ಬುತ್ತಿಯ ಗಂಟು ಬಿಚ್ಚುವುದನ್ನು ಕಾಯುವ ಹಸಿದ ಮಗುವಿನ ಹಾಗೆ ನೋಡುತ್ತಿದ್ದರು. ಇವರಿಗೆ ನಿಜವಾಗಿಯೂ ತಿಳಿಯಬೇಕಾಗಿದೆ, ಎಂದು ಸುಶ್ರವನಿಗೆ ಹೊಳೆಯಿತು. ಇಷ್ಟು ಜನರಲ್ಲಿ ಇವರೊಬ್ಬರಿಗೆ ರೊಟ್ಟಿ ಬೇಕಿಲ್ಲ, ಉತ್ತರ ಬೇಕಾಗಿದೆ. ಇವರ ಬಾಯಿಗೆ ತುಪ್ಪದ ಕೆರೆಯನ್ನು ಸುರಿಯುವುದೆ?

“ಮೊದಲು ಕನಸಲ್ಲಿದ್ದೆ,” ಎಂದ. “ಮರದಲ್ಲಿ ರೊಟ್ಟಿ ಬಿಟ್ಟಿತ್ತು.”

ಗ್ರಾಮಣಿ ನರಳಿದ.

“ಆಮೇಲೆ ಕನಸೂ ಇರಲಿಲ್ಲ. ಎಲ್ಲಿದ್ದೆ ಅಂತ ಗೊತ್ತಿಲ್ಲ. ಸುಖವಾಗಿದ್ದೆ.”

“ಆಮೇಲೆ?”

“ಆಮೇಲೆ,” ಎಂದ ಸುಶ್ರವ. ದನಿ ಕೀರಲಾಯಿತು, ಹನ್ನೆರಡು ವರ್ಷದಲ್ಲಿ ಈ ಶಾಲೆಯಲ್ಲಿ ಅವನ ದನಿ ಕೀರಲಾದದ್ದು ಅದೇ ಮೊದಲು. “ಆಮೇಲೆ ಎಚ್ಚರ ಆಯ್ತು. ಹೊತ್ತು ಇನ್ನೂ ಇತ್ತು. ಕಣ್ಣು ತೆರೀಲಿಲ್ಲ.”

ಗ್ರಾಮಣಿ ಹೊಟ್ಟೆಯ ಮೇಲಿನ ಕೈ ತೆಗೆದ.

“ಎಚ್ಚರ ಇತ್ತಾ?” ಎಂದ ಗ್ರಾಮಣಿ ನಿಧಾನವಾಗಿ. “ನಾನು ಒಂಟಿ ಕಾಲಲ್ಲಿ ಇಲ್ಲಿ ನಿಂತಿದ್ದಾಗ ನಿಮಗೆ ಎಚ್ಚರ ಇತ್ತಾ ಸ್ವಾಮೀ?”

“ಇತ್ತು. ನಾಚಿಕೆಯಾಗಿ ಮಲಗಿದ್ದೆ.”

“ನೋಡಿದ್ರಾ!” ಎಂದ ಧೂಮ್ರ. “ನಾನು ನಿನ್ನೆಯೇ—”

“ನೀನು ನಿನ್ನೆ ಹೇಳಿದ್ದೂ ಕೇಳಿಸ್ತು ಧೂಮ್ರ,” ಎಂದ ಸುಶ್ರವ, ಸಿಟ್ಟಿಲ್ಲದೆ. ಬಾಗಿಲಲ್ಲಿ ಯಾರೋ ಕಿಸಕ್ಕೆಂದರು.

ಹರಿಕೇಶರು ಮಾತ್ರ ಮುಂದೆ ಬಗ್ಗಿದ್ದರು. “ಅದು ಬಿಡು. ಕಣ್ಣು ಮುಚ್ಕೊಂಡಿದ್ದೆಯಲ್ಲ, ಆಗ ಎಲ್ಲಿದ್ದೆ? ನಿದ್ದೆ ಇಲ್ಲ, ಕನಸಿಲ್ಲ, ನಮ್ಮ ಹಾಗೆ ಎದ್ದು ಓಡಾಡಲೂ ಇಲ್ಲ. ಎಲ್ಲಿದ್ದೆ?”

ಇದನ್ನು ಅವನು ಯೋಚಿಸಿರಲಿಲ್ಲ. ಮತ್ತೆ ಕಣ್ಣು ಮುಚ್ಚಿ ನೋಡಿಕೊಂಡ. ಕಂಬ, ಜೊಲ್ಲು, ಪಿಸುಮಾತು, ಮೀನಖಂಡದ ಮೇಲಿನ ಬಿಸಿಲು. “ಇಲ್ಲೇ ಇದ್ದೆ,” ಎಂದ. “ನೀವೆಲ್ಲ ನಿಂತ್ಕೊಂಡು ಒಬ್ಬ ಸುಶ್ರವನ್ನ ಬೈತಿದ್ರಲ್ಲ, ಅವನನ್ನ ನಾನೂ ನೋಡ್ತಿದ್ದೆ. ರೊಟ್ಟಿಗೆ ಹಾರಿದವನೂ ಅವನೇ, ಗೊರಕೆ ಹೊಡೆದವನೂ ಅವನೇ, ನಾಚಿಕೊಂಡು ಬಿದ್ದಿರೋನೂ ಅವನೇ. ಅವನಿಗೆ ಬೆವರು ಬರ್ತಿತ್ತು. ನೋಡ್ತಿದ್ದವನಿಗೆ…” ಹೇಳಬಾರದೇನೋ ಎಂದು ತಡೆದ.

“ನೋಡ್ತಿದ್ದವನಿಗೆ?”

“ನಗು ಬರ್ತಿತ್ತು ಆಚಾರ್ಯರೇ.”

ಮೊದಲು ನಕ್ಕವನು ಗ್ರಾಮಣಿ. ಅವನ ಹೊಟ್ಟೆಗೆ ಒಮ್ಮೆ ನಗು ಹಿಡಿದರೆ ಸುಲಭವಾಗಿ ಬಿಡುವುದಿಲ್ಲ, ಕಂಬ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸುತ್ತ, “ನಾವು ಹಸಿವಲ್ಲಿ ಸಾಯ್ತಿದ್ರೆ ಇವರಿಗೆ ನಗು ಬರ್ತಿತ್ತಂತೆ!” ಎಂದು ಎಲ್ಲರಿಗೂ ಒಂದೊಂದು ಸಲ ಹೇಳಿದ. ಶಾಲೆಯೇ ನಗತೊಡಗಿತು. ಸುಶ್ರವನಿಗೆ ಹಗುರವಾಯಿತು, ತುಂಬ ಹಗುರವಾಯಿತು. ಹರಿಕೇಶರು ನಗಲಿಲ್ಲ. ಅವರು ಮೂರು ಬೆರಳು ಮಡಿಸಿ, ನಾಲ್ಕನೆಯದನ್ನು ಹಿಡಿದುಕೊಂಡು, ಅದನ್ನು ಈಗ ತಾನೇ ಮೊಳೆತ ಬೆರಳೆಂಬಂತೆ ನೋಡುತ್ತ ಕೂತಿದ್ದರು.

“ಹೋತೃವಿನ ಆಸನ ಧೂಮ್ರನಿಗೆ,” ಎಂದರು ಕೊನೆಗೆ.

ನಗು ನಿಂತಿತು. ಸುಶ್ರವ ತಲೆಯಾಡಿಸಿದ. ನ್ಯಾಯವೇ. ನಿಜ ಹೇಳಿದ ಮಾತ್ರಕ್ಕೆ ತಪ್ಪಿದ ಆಹುತಿ ವಾಪಸು ಬರುವುದಿಲ್ಲ. ಆದರೂ ಅಪ್ಪನ ಹಿಮ್ಮಡಿ ಕಣ್ಣಿಗೆ ಕಟ್ಟಿ, ದುಃಖ ಒತ್ತಿ ಬಂತು. ಹೆಂಗಸರ ಗುಂಪಿನಲ್ಲಿ ಪೃಶ್ನಿಯನ್ನು ಹುಡುಕಲು ಧೈರ್ಯವಾಗಲಿಲ್ಲ. ಹಿಂದಕ್ಕೆ ಸರಿದು ಜನರೊಳಗೆ ಸೇರಿಕೊಳ್ಳಲು ಹೊರಟವನನ್ನು ಹರಿಕೇಶರು ಕೈ ಹಿಡಿದು ನಿಲ್ಲಿಸಿದರು. ಹಿಡಿದ ಕೈಯನ್ನೇ ಊರಿಕೊಂಡು, ಮೊಣಕಾಲು ಕಟಕಟ ಎನಿಸುತ್ತ, ನಲವತ್ತು ವರ್ಷ ಕೂತ ದರ್ಭೆಯಿಂದ ಎದ್ದರು.

“ನೀನು ಇಲ್ಲಿ ಕೂತ್ಕೋ.”

“ಆಚಾರ್ಯರೇ, ಅದು ನಿಮ್ಮದು. ನನಗೆ ಬರೋದು ಹೇಳೋದಕ್ಕೆ. ಸುಮ್ಮನಿರೋದಕ್ಕೆ ಬರೋದಿಲ್ಲ.”

“ನಿನ್ನೆ ಅರ್ಧ ಹಗಲು ಸುಮ್ಮನೆ ನೋಡ್ಕೊಂಡು ಇದ್ದೆಯಲ್ಲ, ಮತ್ತೇನು ಬರಬೇಕು? ಒಂದೇ ವ್ಯತ್ಯಾಸ. ಇನ್ನು ಮೇಲೆ ಕಣ್ಣು ತೆರೆದಿಟ್ಕೊಂಡು ಮಾಡು.” ಮುದುಕರು ದನಿ ತಗ್ಗಿಸಿದರು. “ನನಗೂ ಸಾಕಾಗಿದೆ ಮಗೂ. ಬೆನ್ನು ನೋಯುತ್ತೆ. ಒರಗೋದಕ್ಕೆ ನಿನ್ನ ಕಂಬ ಬಿಟ್ಟುಕೊಡು.”

ಗ್ರಾಮಣಿ ನಾಲ್ವರನ್ನೂ ಹೊಸದಾಗಿ ವರಿಸಿದ. ಸುಶ್ರವ ದಕ್ಷಿಣದ ಆಸನದಲ್ಲಿ ಕೂತ. ದರ್ಭೆ ಇನ್ನೂ ಬೆಚ್ಚಗಿತ್ತು. ಇಲ್ಲಿಂದ ಶಾಲೆ ಬೇರೆಯೇ ಆಗಿ ಕಾಣುತ್ತಿತ್ತು: ಹೇಳುವವನ ಬೆನ್ನು, ಹಾಕುವವನ ಕೈ, ಬೆಂಕಿ ಊದುವವನ ಕೆನ್ನೆ, ಮೂರೂ ಒಟ್ಟಿಗೆ. ಹನ್ನೆರಡು ವರ್ಷ ತಾನು ಆ ಬೆನ್ನಾಗಿದ್ದೆ; ಬೆನ್ನಿಗೆ ಇದು ಯಾವುದೂ ಕಾಣುತ್ತಿರಲಿಲ್ಲ. ಒನಕೆ ದಡ್ ದಡ್ ಎಂದಿತು, ಹೊಸ ಹಿಟ್ಟಿನ ವಾಸನೆ ಎದ್ದಿತು. ಇವತ್ತು ನಿದ್ದೆಯ ಸುಳಿವೇ ಇರಲಿಲ್ಲ. ರೊಟ್ಟಿ ಬೆಂದಿತು, ಮಂತ್ರ ಹೇಳೆಂದು ಅಧ್ವರ್ಯುವಿನ ಕರೆ ಬಂತು, ಧೂಮ್ರ ಹೇಳಲು ಶುರುಮಾಡಿದ. ಒಳ್ಳೆಯ ದನಿಯೇ, ಸ್ವಲ್ಪ ಅವಸರ. ಎರಡು ಸಾಲು ಚೆನ್ನಾಗಿ ಬಂದವು. ಮೂರನೆಯದರ ಮೊದಲಲ್ಲೇ ನಿಂತ.

ಮರೆತಿದ್ದ. ಉಸಿರು ಎಳೆದುಕೊಂಡ, ಮತ್ತೂ ಎಳೆದುಕೊಂಡ. ಅವನ ಕತ್ತಿನ ಹಿಂಭಾಗ ಕೆಂಪಾಗುವುದು ಸುಶ್ರವನಿಗೆ ಕಂಡಿತು. ಧೂಮ್ರ ನಿಧಾನವಾಗಿ ದಕ್ಷಿಣಕ್ಕೆ ಕತ್ತು ತಿರುಗಿಸಿದ. ನೀರಿನಲ್ಲಿ ಮುಳುಗುವವನ ಕಣ್ಣು. ಈಗ ಸುಶ್ರವ ಬಾಯಿಬಿಟ್ಟರೆ ಎಡವಟ್ಟು ಎಲ್ಲರೆದುರು ಎಡವಟ್ಟೆಂದು ನಿಲ್ಲುತ್ತದೆ, ಧೂಮ್ರನ ಮಾನ ಹೋಗುತ್ತದೆ. ಇವನ ಜಾಗ ಖಾಲಿ ಆಯ್ತು ಅಂತಲೇ ಇಟ್ಕೊಳ್ಳಿ. ನಿನ್ನೆ ಧೂಮ್ರನೇ ಆಡಿದ ಆ ಮಾತು ನಾಲಿಗೆಯ ಮೇಲೆ ಸಿಹಿಯಾಗಿ ಬಂದು ಕೂತಿತು. ಅದು ಬಂದು ಕೂತದ್ದನ್ನು ಅವನು ನೋಡಿದ. ಮಡಿಸಿದ ಕಾಲನ್ನು ಸ್ವಲ್ಪವೇ ಮುಂದಕ್ಕೆ ಚಾಚಿ, ತುಟಿ ಮುಚ್ಚಿಕೊಂಡೇ, ಹೆಬ್ಬೆರಳನ್ನು ಆಡಿಸತೊಡಗಿದ. ಎರಡು ದೀರ್ಘ, ಒಂದು ಹ್ರಸ್ವ, ಮತ್ತೆ ದೀರ್ಘ. ಅದೇ ಸಾಲಿನ ನಡಿಗೆ. ಧೂಮ್ರನ ಕಣ್ಣು ಹೆಬ್ಬೆರಳಿಗೆ ಬಿತ್ತು, ಅಂಟಿಕೊಂಡಿತು, ಬೆಳಗಿತು. ಮಂತ್ರ ನದಿಯ ಹಾಗೆ ಹೊರಟಿತು. ತಡೆದದ್ದು ಭಕ್ತಿಯಿಂದ ಎಂದುಕೊಂಡು ಗ್ರಾಮಣಿ ಕೈಮುಗಿದ.

ಆಹುತಿ ಬಿತ್ತು. ಜನರಲ್ಲಿ ನಿಟ್ಟುಸಿರೊಂದು ಸಾಗಿಹೋಯಿತು. ಹಿಂದಿನ ಸಾಲಿನಲ್ಲಿ ಮಾತ್ರ ಏನೋ ಪಿಸಪಿಸ. ಸುಶ್ರವ ಕಣ್ಣು ಹೊರಳಿಸಿದ. ತನ್ನ ಹಳೆಯ ಕಂಬಕ್ಕೆ ಒರಗಿ, ಬೋಳುತಲೆ ವಾಲಿಸಿ, ಬಾಯಿ ಅರೆ ತೆರೆದು, ಹರಿಕೇಶರು ಕಣ್ಣು ಮುಚ್ಚಿದ್ದರು. “ಮಲಗಿಬಿಟ್ರು ಪಾಪ,” ಎನ್ನುತ್ತಿದ್ದರು ಯಾರೋ. “ಎಬ್ಬಿಸಬೇಡಿ, ತಾವಾಗಿ ಬರಲಿ.” ಜನ ಅವರ ಸುತ್ತ ಮೆಲ್ಲನೆ ಜಾಗ ಬಿಟ್ಟು ನಿಂತರು. ಧೂಮ್ರ ಮುಂದಿನ ಸಾಲು ಎತ್ತಿಕೊಂಡ. ಸುಶ್ರವನ ಹೆಬ್ಬೆರಳು ತನ್ನಷ್ಟಕ್ಕೆ ಅದರ ಜೊತೆ ಹೊರಟಿತು. ಅಲ್ಲಿ, ಚಾಚಿದ ಎರಡು ಒಣಕಲು ಕಾಲುಗಳ ತುದಿಯಲ್ಲಿ, ಮುದುಕರ ಹೆಬ್ಬೆರಳೂ ಒಂದು ಅಕ್ಷರ ತಪ್ಪದೆ ತಾಳ ಹಾಕುತ್ತಿತ್ತು.

ಆ ಆಸನದಲ್ಲಿ ಕೂತವನು ನಗುವಂತಿರಲಿಲ್ಲ. ಅವನು ಕೆನ್ನೆಯನ್ನು ಒಳಗಿನಿಂದ ಕಚ್ಚಿ ಹಿಡಿದು, ಕಾಪಾಡುವವರು ಯಾರಾದರೂ ಇದ್ದಾರೆಯೇ ಎಂದು ಬಾಗಿಲ ಕಡೆ ನೋಡಿದ. ಪೃಶ್ನಿ ಅಲ್ಲಿದ್ದಳು. ಎರಡೂ ಹೆಬ್ಬೆರಳುಗಳನ್ನು ಒಂದಾದ ಮೇಲೊಂದು ನೋಡಿ, ಬಟ್ಟೆಯ ತುದಿಯನ್ನು ಬಾಯಿಗೆ ತುರುಕಿಕೊಂಡು ಅಂಗಳಕ್ಕೆ ಓಡಿದಳು.